ಕಲ್ಲು ಯಾರಿಗೆ ಬರೆದದ್ದು?

ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ಗೇಟಿನ ಪಕ್ಕ, ಹೊಂಗೆಮರದ ಬುಡದಲ್ಲಿ ಒಂದು ಕಲ್ಲಿತ್ತು. ಮೊಣಕಾಲಿಗಿಂತ ತುಸು ಎತ್ತರ, ಅರ್ಧ ಮಣ್ಣಲ್ಲಿ ಹೂತಿತ್ತು. ಅದರ ಮೇಲೆ ಕೈ ಎತ್ತಿ ನಿಂತ ಒಬ್ಬ ಮನುಷ್ಯನ ಆಕಾರ ಸವೆದು ಸವೆದು ಉಳಿದಿತ್ತು. ಕೈಯಲ್ಲಿದ್ದದ್ದು ಕತ್ತಿಯೋ ಬಿಲ್ಲೋ ತಿಳಿಯುತ್ತಿರಲಿಲ್ಲ. ವರ್ಷಕ್ಕೊಮ್ಮೆ ಯಾರೋ ಬಂದು ಕುಂಕುಮ ಹಚ್ಚಿ, ಒಂದು ಕಾಯಿ ಒಡೆದು ಹೋಗುತ್ತಿದ್ದರು. ಅವರು ಯಾರೆಂದು ನಾವು ಕೇಳಿದವರಲ್ಲ.

ಒಂದು ಬೇಸಿಗೆಯಲ್ಲಿ ನೀರಿನ ಟ್ಯಾಂಕರುಗಳು ಆ ಗೇಟಿನಲ್ಲಿ ತಿರುಗಲು ಜಾಗ ಸಾಲದೆ ದಿನವೂ ಜಗಳವಾಗತೊಡಗಿತು. ನಿವಾಸಿಗಳ ಸಂಘದ ಸಭೆ ಸೇರಿತು. ಆಗ ನಾನು ಅದರ ಕಾರ್ಯದರ್ಶಿ. ‘ಹಿಂದಿನ ಗೇಟಿನ ಬಳಿಯ ಅಡೆತಡೆಗಳನ್ನು ತೆರವುಗೊಳಿಸುವುದು’ ಎಂದು ನಡಾವಳಿ ಪುಸ್ತಕದಲ್ಲಿ ಬರೆದವನು ನಾನೇ, ಕೆಳಗೆ ಸಹಿ ಹಾಕಿದವನೂ ನಾನೇ. ಮುಂದಿನ ಶನಿವಾರ ಜೆಸಿಬಿ ಬಂತು. ಸಂಜೆ ಆಫೀಸಿನಿಂದ ಬಂದಾಗ ನೆಲ ಸಮತಟ್ಟಾಗಿತ್ತು, ಟ್ಯಾಂಕರು ಒಂದೇ ಸಲಕ್ಕೆ ತಿರುಗುತ್ತಿತ್ತು. ಕಲ್ಲು ಎಲ್ಲಿಗೆ ಹೋಯಿತೆಂದು ಅಂದು ನಾನು ಕೇಳಲಿಲ್ಲ. ಕೇಳಬೇಕೆಂದು ಹೊಳೆಯಲೂ ಇಲ್ಲ.

ಇದನ್ನು ತಪ್ಪೊಪ್ಪಿಗೆಯಾಗಿ ಬರೆಯಲು ಹೊರಟಿಲ್ಲ. ಆ ಮೇಲೆ ನನ್ನನ್ನು ಕಾಡಿದ ಪ್ರಶ್ನೆ ಸರಳವಾದದ್ದು: ನಾನು ನಿಜಕ್ಕೂ ಏನಾದರೂ ತಪ್ಪು ಮಾಡಿದೆನೇ? ಮಾಡಿದ್ದರೆ ಯಾರಿಗೆ? ಸತ್ತು ನೂರಾರು ವರ್ಷವಾದ, ಹೆಸರೂ ಗೊತ್ತಿಲ್ಲದ ಒಬ್ಬನಿಗೆ, ಸಾಫ್ಟ್‌ವೇರ್ ಕೆಲಸಕ್ಕೆಂದು ಇಲ್ಲಿಗೆ ಬಂದ ನಾನು ಏನನ್ನಾದರೂ ಕೊಡಬೇಕಾಗಿದೆಯೇ?

ನಾನಿರುವುದು ಬೇಗೂರಿನ ಹತ್ತಿರ. ಬೆಂಗಳೂರಿನ ಆಗ್ನೇಯ ದಿಕ್ಕಿಗೆ, ಬನ್ನೇರುಘಟ್ಟ ರಸ್ತೆಗೂ ಹೊಸೂರು ರಸ್ತೆಗೂ ನಡುವೆ ಇರುವ ಊರು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ, ಏರಿಳಿಯುವ ಕಲ್ಲುನೆಲ. ಸದಾ ಹರಿಯುವ ನದಿ ಇಲ್ಲಿ ಇಲ್ಲ. ಮಳೆ ಬಿದ್ದ ನೀರು ದಿಣ್ಣೆಯಿಂದ ತಗ್ಗಿಗೆ, ಒಂದು ಕೆರೆಯ ಕೋಡಿಯಿಂದ ಮುಂದಿನ ಕೆರೆಗೆ ಇಳಿಯುತ್ತಾ ಕೊನೆಗೆ ದಕ್ಷಿಣ ಪಿನಾಕಿನಿಯನ್ನು ಸೇರಬೇಕು. ಇಂಥ ನೆಲದಲ್ಲಿ ಊರು ಬೇಕೆಂದರೆ ಮೊದಲು ಕೆರೆ ಬೇಕು. ಕೆರೆ ಇದ್ದಲ್ಲಿ ಗದ್ದೆ, ಗದ್ದೆ ಇದ್ದಲ್ಲಿ ದೇವಸ್ಥಾನ, ಇವೆಲ್ಲ ಇದ್ದಲ್ಲಿ ಕಿತ್ತುಕೊಳ್ಳಲು ಬರುವವರು, ಅವರನ್ನು ತಡೆಯುತ್ತಾ ಸಾಯುವವರು. ಬೇಗೂರಿನ ಹಳೆಯ ಚರಿತ್ರೆಯ ಮುಖ್ಯ ಸಾಲುಗಳೆಲ್ಲ ಈ ಕ್ರಮದಲ್ಲೇ ಕೂಡಿಕೊಂಡಿವೆ. ಗ್ರಾನೈಟಿಗೆ ಬರವಿಲ್ಲದ್ದರಿಂದ ಅವು ಕಲ್ಲಿನ ಮೇಲೆ ಉಳಿದವು.

ಊರಿನ ಪಂಚಲಿಂಗೇಶ್ವರ ದೇವಸ್ಥಾನಕ್ಕೆ ನಾನು ಹಲವು ಸಲ ಹೋಗಿದ್ದೆ, ಕಾರ್ತೀಕ ಸೋಮವಾರಗಳಲ್ಲಿ, ಮಗಳ ಹುಟ್ಟುಹಬ್ಬಗಳಲ್ಲಿ. ಹೊಸ ಗೋಪುರ, ಸುಣ್ಣಬಣ್ಣಗಳ ಒಳಗೆ ಗಂಗರ ಕಾಲದ ಗುಡಿಗಳು ಕೂತಿವೆ: ನಾಗೇಶ್ವರ, ನಗರೇಶ್ವರ. ಹತ್ತಿರವೇ ಚೋಳೇಶ್ವರನೂ ಇದ್ದಾನೆ. ನಾಗೇಶ್ವರ ಗುಡಿಯ ಚಾವಣಿಯಲ್ಲಿ ಅಷ್ಟದಿಕ್ಪಾಲಕರಿದ್ದಾರೆ. ಇದೇ ಆವರಣದಲ್ಲಿ ಕ್ರಿ.ಶ. 890ರ ಸುಮಾರಿನದೆಂದು ವಿದ್ವಾಂಸರು ಹೇಳುವ ಒಂದು ವೀರಗಲ್ಲಿದೆ. ನಾಗತ್ತರನೆಂಬ ಅಧಿಕಾರಿಯ ಮನೆಗೆ ಸೇರಿದ ಬುಟ್ಟಣಸೆಟ್ಟಿ ಎಂಬವನು ಬೆಂಗಳೂರಿನ ಕಾಳಗದಲ್ಲಿ ಸತ್ತನೆಂದು ಅದು ಹೇಳುತ್ತದೆ. ‘ಬೆಂಗಳೂರು’ ಎಂಬ ಹೆಸರು ಸಿಗುವ ಅತ್ಯಂತ ಹಳೆಯ ಬರಹವೆಂದು ಅದು ಪ್ರಸಿದ್ಧ. ಹನ್ನೆರಡನೆಯ ಶತಮಾನದ ಕೊನೆಯಲ್ಲಿ ಪಟ್ಟಕ್ಕೆ ಬಂದ ಹೊಯ್ಸಳ ವೀರಬಲ್ಲಾಳನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದರಿಂದ ಬೆಂದಕಾಳೂರು ಆಯಿತು ಎಂಬ ಕತೆಯನ್ನು ನಾವೆಲ್ಲ ಕೇಳಿಯೇ ಬೆಳೆದವರು. ಆ ರಾಜ ಹುಟ್ಟುವುದಕ್ಕೂ ಎರಡೂವರೆ ಶತಮಾನಕ್ಕಿಂತ ಮೊದಲು ಈ ಕಲ್ಲು ಊರನ್ನು ಅದರ ಹೆಸರಿನಿಂದಲೇ ಕರೆದುಬಿಟ್ಟಿತ್ತು. ಅಜ್ಜಿ ಉಳಿಯಲಿ, ಕತೆ ಚೆನ್ನಾಗಿದೆ. ಆದರೆ ಒಂದು ಮಹಾನಗರದ ಹೆಸರು ನಮ್ಮವರೆಗೆ ತಲುಪಿದ್ದು ರಾಜನ ದೊಡ್ಡತನದಿಂದಲ್ಲ, ಒಂದು ಮನೆಯ ಸಾವಿನಿಂದ ಎಂಬುದು ನನಗೆ ಹೆಚ್ಚು ತಟ್ಟಿತು. ಆ ಕಾಳಗ ಏತಕ್ಕೆ ನಡೆಯಿತು, ಗೆದ್ದವರು ಯಾರು ಎಂಬುದನ್ನು ಆ ಕಲ್ಲು ಹೇಳುವುದಿಲ್ಲ. ಸತ್ತವನ ಹೆಸರನ್ನು ಮಾತ್ರ ಹೇಳುತ್ತದೆ.

ಬೇಗೂರಿನ ಇನ್ನೊಂದು ಕಲ್ಲು ಊರು ಬಿಟ್ಟು ಹೋಗಿದೆ. ಅದನ್ನು ನೋಡಬೇಕಾದರೆ ಕಸ್ತೂರ್‌ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಯುದ್ಧದ ದೃಶ್ಯವನ್ನೇ ತುಂಬಿ ಕೆತ್ತಿರುವ ದೊಡ್ಡ ವೀರಗಲ್ಲು. ಗಂಗರ ಎರೆಯಪ್ಪ, ವೀರಮಹೇಂದ್ರನ ವಿರುದ್ಧ ಕಾದುವುದಕ್ಕಾಗಿ ಅಯ್ಯಪದೇವನ ನೆರವಿಗೆ ನಾಗತ್ತರನನ್ನು ದಂಡಿನೊಂದಿಗೆ ಕಳಿಸುತ್ತಾನೆ. ತುಂಬೆಪಾಡಿಯಲ್ಲಿ ಕಾಳಗವಾಗುತ್ತದೆ. ಆನೆಗಳ ಎದುರು ನಿಂತು ನಾಗತ್ತರ ಸಾಯುತ್ತಾನೆ. ಆಮೇಲೆ ಎರೆಯಪ್ಪ, ಇರುಗನೆಂಬವನಿಗೆ ನಾಗತ್ತರ ಪಟ್ಟವನ್ನು ಕಟ್ಟಿ, ಬೆಂಪೂರು ಹನ್ನೆರಡನ್ನು, ಅಂದರೆ ಬೇಗೂರಿಗೆ ಸೇರಿದ ಹನ್ನೆರಡು ಹಳ್ಳಿಗಳನ್ನು, ಕಲ್ನಾಡಾಗಿ ಕೊಡುತ್ತಾನೆ.

ಆ ಹಳ್ಳಿಗಳ ಪಟ್ಟಿಯನ್ನು ಮೊದಲ ಸಲ ಓದಿದ ದಿನ ನಾನು ಕೂತಲ್ಲೇ ಕೂತುಬಿಟ್ಟೆ. ಅದರಲ್ಲಿ ಇಗ್ಗಲೂರು ಇದೆ. ಚಂದಾಪುರದ ಹತ್ತಿರ ಆ ಊರು ಇವತ್ತಿಗೂ ಅದೇ ಹೆಸರಿನಲ್ಲಿದೆ. ಕೂಡಲೆ ಇದೆ, ಅದನ್ನು ಕೂಡ್ಲು ಎಂದು ಕೇಳಿಸಿಕೊಳ್ಳದಿರುವುದು ನನ್ನ ಕಿವಿಗೆ ಕಷ್ಟ, ದಿನವೂ ಕೂಡ್ಲು ಗೇಟಿನಲ್ಲಿ ಅರ್ಧ ಗಂಟೆ ನಿಲ್ಲುವವನು ನಾನು. ತೊವಗೂರು ಇದೆ, ಅದನ್ನು ನಾನು ತೋಗೂರು ಎಂದೇ ಓದುತ್ತೇನೆ. ಕಿಯೋನಿಕ್ಸ್ 1978ರಲ್ಲಿ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಶುರುಮಾಡಿದ್ದು ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರುಗಳ ನೆಲದಲ್ಲಿ. ನಾನು ಕಾರ್ಡು ತೋರಿಸಿ ಒಳಗೆ ಹೋಗುವ, ಸಂಬಳ ಎಣಿಸುವ ನೆಲ ಅದು. ಸಾವಿರದ ನೂರು ವರ್ಷಗಳ ಹಿಂದೆ ಆ ಸೀಮೆ ಒಬ್ಬನ ಸಾವಿನ ಬೆನ್ನಿಗೆ ಕೈ ಬದಲಾಯಿಸಿತ್ತು.

ಹಾಗಾದರೆ ಈಗ ಏನು ಮಾಡಬೇಕು? ಹೆಮ್ಮೆಪಡಬೇಕು ಎಂಬುದು ಸುಲಭವಾಗಿ ಸಿಗುವ ಉತ್ತರ. ನವೆಂಬರ್ ಬಂತೆಂದರೆ ಬೇಗೂರು ಶಾಸನದ ಚಿತ್ರ ವಾಟ್ಸಾಪಿನಲ್ಲಿ ಓಡಾಡುತ್ತದೆ. ‘ನಮ್ಮ ಬೆಂಗಳೂರಿಗೆ ಸಾವಿರದ ನೂರು ವರ್ಷ’ ಎಂಬ ಮಾತಿನ ಹಿಂದೆ ‘ನಿಮ್ಮದಲ್ಲ’ ಎಂಬ ಇನ್ನೊಂದು ಮಾತೂ ಕೆಲವೊಮ್ಮೆ ಬರುತ್ತದೆ. ನಾನೂ ಅಂಥ ಸಂದೇಶಗಳನ್ನು ಮುಂದಕ್ಕೆ ಕಳಿಸಿದವನು. ಗೇಟಿನ ಕಲ್ಲನ್ನು ಕೀಳಿಸಿದ ವರ್ಷವೂ ಕಳಿಸಿದ್ದೆ. ಆ ಎರಡರ ನಡುವೆ ವಿರೋಧವಿದೆಯೆಂದು ನನಗೆ ಅನ್ನಿಸಿರಲಿಲ್ಲ.

ಹೆಮ್ಮೆಯ ತೊಡಕು ಇದೇ ಎಂದು ಈಗ ತೋರುತ್ತದೆ. ಹೆಮ್ಮೆಪಡುವವನು ಏನನ್ನೂ ಮಾಡಬೇಕಿಲ್ಲ. ನಾಗತ್ತರ ಸತ್ತದ್ದರಲ್ಲಿ ನನ್ನ ಪಾಲಿಲ್ಲ, ಶಾಸನ ಬರೆಸಿದ್ದರಲ್ಲಿ ಪಾಲಿಲ್ಲ, ಅದು ಉಳಿದದ್ದರಲ್ಲೂ ಪಾಲಿಲ್ಲ. ಆದರೂ ಲಾಭದಲ್ಲಿ ಪಾಲು ಬೇಕು. ಇನ್ನು ಹಕ್ಕಿನ ಮಾತಿಗೆ ಬಂದರೆ, ನಾನು ಹಾನಗಲ್ಲಿನ ಕಡೆಯವನು. ನಾಗತ್ತರನ ಕಾಲದಲ್ಲಿ ನಮ್ಮ ಸೀಮೆ ಗಂಗರದ್ದಲ್ಲ, ರಾಷ್ಟ್ರಕೂಟರದ್ದು. ವಂಶದ ಲೆಕ್ಕ ಹಾಕುತ್ತಾ ಹೋದರೆ ಈ ಕಲ್ಲಿನ ಮುಂದೆ ನಾನು ಪರಸ್ಥಳದವನೇ.

ಭಾಷೆಯ ಲೆಕ್ಕ ಹಾಕಿದರೂ ಈ ನೆಲ ಅಷ್ಟು ಸುಲಭವಾಗಿ ಕೈಗೆ ಸಿಗುವುದಿಲ್ಲ. ಹನ್ನೊಂದನೆಯ ಶತಮಾನದ ಮೊದಲಿಗೆ ಚೋಳರು ಗಂಗವಾಡಿಯನ್ನು ಗೆದ್ದರು. ಸುಮಾರು 1116ರಲ್ಲಿ ಹೊಯ್ಸಳ ವಿಷ್ಣುವರ್ಧನ ತಲಕಾಡನ್ನು ತಿರುಗಿ ಗೆಲ್ಲುವವರೆಗೆ ಈ ಸೀಮೆ ಅವರದಾಗಿತ್ತು. ಇಲ್ಲಿಂದ ಈಶಾನ್ಯಕ್ಕೆ, ವೈಟ್‌ಫೀಲ್ಡಿನ ಕಾಡುಗೋಡಿಯ ಕಡೆ 1043ರ ಒಂದು ತಮಿಳು ಶಾಸನವಿದೆ. ಗಾವುಂಡ ಮನೆತನದವನೊಬ್ಬ ಪಟ್ಟಂದೂರು ಕೆರೆಯನ್ನು ಕಟ್ಟಿಸಿ, ತೂಬು ಇಡಿಸಿ, ದೇವರುಗಳನ್ನು ಪ್ರತಿಷ್ಠಾಪಿಸಿದ್ದನ್ನು ಅದು ಹೇಳುತ್ತದೆ. ಐಟಿಪಿಎಲ್‌ನ ಗಾಜಿನ ಗೋಡೆಗಳಿಗೆ ಕೂಗಳತೆಯಲ್ಲಿರುವ ಕೆರೆ ಅದು. ಗಾವುಂಡ ಎಂಬುದು ನಮ್ಮ ಗೌಡ. ಬಿರುದು ಕನ್ನಡದ್ದು, ಬರಹ ತಮಿಳಿನದ್ದು. ನೀರು ಕುಡಿದ ದನಕರು, ಬೆಳೆದ ಭತ್ತ ಯಾವ ಭಾಷೆಯವು? ಕೆರೆ ಕಟ್ಟಿಸಿದವನ ವಿಷಯ ಶಾಸನದಲ್ಲಿದೆ, ಮಣ್ಣು ಹೊತ್ತವರ ಹೆಸರು ಯಾವ ಭಾಷೆಯಲ್ಲೂ ಇಲ್ಲ.

ಹೆಮ್ಮೆಯನ್ನು ಬಿಟ್ಟರೆ ಎರಡನೆಯ ಉತ್ತರ: ಏನೂ ಮಾಡಬೇಕಿಲ್ಲ. ಇದನ್ನು ಗಟ್ಟಿಯಾಗಿ ಹೇಳಿದವನು ನಮ್ಮ ಸಂಘದ ಖಜಾಂಚಿ. ಒಳ್ಳೆಯ ಮನುಷ್ಯ, ನನ್ನ ಗೆಳೆಯ. ಒಂದು ಸಂಜೆ ನಾನು ಕಲ್ಲಿನ ವಿಷಯ ಎತ್ತಿದಾಗ ಅವನು ಕೇಳಿದ: “ಸತ್ತವನಿಗೆ ಗೊತ್ತಾಗುತ್ತದಾ? ನೋವಾಗುತ್ತದಾ? ಇಲ್ಲ. ಎಂಬತ್ತು ಮನೆಗೆ ನೀರು ಬೇಕಾ? ಬೇಕು. ಹಾಗಿದ್ದ ಮೇಲೆ ತಪ್ಪು ಎಲ್ಲಿ?” ಅವನ ಇನ್ನೊಂದು ಮಾತು ಇನ್ನೂ ಗಟ್ಟಿಯಾಗಿತ್ತು: “ಯಾರೋ ಇಬ್ಬರು ರಾಜರು ಜಗಳವಾಡಿದರು, ಆಳುಗಳು ಸತ್ತರು. ಅದನ್ನು ಯಾಕೆ ಪೂಜಿಸಬೇಕು?”

ಈ ಮಾತುಗಳನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ವೀರಗಲ್ಲುಗಳ ಲೋಕ ನ್ಯಾಯದ ಲೋಕವೇನೂ ಆಗಿರಲಿಲ್ಲ. ನಾಗತ್ತರ ಸತ್ತದ್ದು ತನ್ನ ಒಡೆಯನ ಮಿತ್ರನೊಬ್ಬನಿಗಾಗಿ. ತುಂಬೆಪಾಡಿಯ ಜಗಳದಿಂದ ಬೇಗೂರಿನ ಒಕ್ಕಲಿಗನಿಗೆ ಏನು ಸಿಕ್ಕಿತೋ. ವೀರಗಲ್ಲು ಸಾವನ್ನು ಚಂದಗಾಣಿಸುತ್ತದೆ ಎಂಬುದೂ ನಿಜ. ಆದರೆ ನೆನೆಯುವುದೂ ಕೊಂಡಾಡುವುದೂ ಒಂದೇ ಎಂಬ ಹೆಜ್ಜೆಯಲ್ಲಿ ನನ್ನ ಗೆಳೆಯ ಎಡವಿದ ಎಂದು ತೋರುತ್ತದೆ. ಆ ಯುದ್ಧವನ್ನು ಬೇಡವೆನ್ನಲಿಕ್ಕಾದರೂ ಅದು ನಡೆಯಿತೆಂದು, ಅದರಲ್ಲಿ ಇಂಥವನು ಸತ್ತನೆಂದು ನನಗೆ ತಿಳಿದಿರಬೇಕು. ಕಲ್ಲನ್ನು ಕಿತ್ತರೆ ಯುದ್ಧ ಅಳಿಯುವುದಿಲ್ಲ, ಸತ್ತವನು ಅಳಿಯುತ್ತಾನೆ.

ಸತ್ತವನಿಗೆ ಗೊತ್ತಾಗುವುದಿಲ್ಲವಲ್ಲ ಎಂಬ ಪ್ರಶ್ನೆ ಇನ್ನೂ ಉಳಿದಿದೆ. ನಿಜ, ಗೊತ್ತಾಗುವುದಿಲ್ಲ. ಆದರೆ ವೀರಗಲ್ಲು ಸತ್ತವನಿಗಾಗಿ ಮಾತ್ರ ನಿಲ್ಲಿಸಿದ್ದಲ್ಲ. ಅದೊಂದು ಕೊಡುಕೊಳ್ಳುವ ವ್ಯವಹಾರದ ದಾಖಲೆಯೂ ಹೌದು. ಹಳಗನ್ನಡದ ಶಾಸನಗಳಲ್ಲಿ ಇದಕ್ಕೆ ಬೇರೆ ಬೇರೆ ಹೆಸರುಗಳಿವೆ. ಸತ್ತವನ ನೆತ್ತರಿಗೆ ಪ್ರತಿಯಾಗಿ ಕೊಟ್ಟ ಭೂಮಿ ನೆತ್ತರುಗೊಡಗೆ, ಕತ್ತಿಯನ್ನು ತೊಳೆದು ಕೊಟ್ಟದ್ದು ಬಾಳ್ಗಳ್ಚು, ಕಲ್ಲು ನೆಟ್ಟು ಕೊಟ್ಟದ್ದು ಕಲ್ನಾಡು. ಒಬ್ಬ ಸತ್ತ, ಊರು ಅವನ ಮನೆಯವರನ್ನು ನೋಡಿಕೊಳ್ಳುತ್ತೇವೆ ಎಂದಿತು, ಅವನ ಹೆಸರನ್ನು ಕಾಯುತ್ತೇವೆ ಎಂದಿತು. ಮಾತು ತೆಗೆದುಕೊಂಡವನು ಸತ್ತಿದ್ದಾನೆ ಎಂಬ ಕಾರಣಕ್ಕೆ ಮಾತು ಮುಗಿಯುವುದಾದರೆ, ಸಾಯುವವರಿಗೆ ಕೊಟ್ಟ ಯಾವ ಮಾತಿಗೂ ಬೆಲೆಯಿಲ್ಲ. ತಂದೆ ಕಣ್ಣುಮುಚ್ಚುವ ಮೊದಲು ನಾವು ಕೊಟ್ಟ ಮಾತಿಗೂ ಇಲ್ಲ. ಹಾಗೆಂದು ಯಾರೂ ಬದುಕುವುದಿಲ್ಲ.

‘ಊರು ಮಾತು ಕೊಟ್ಟಿತು, ಸರಿ. ನಾನು ಕೊಟ್ಟಿಲ್ಲವಲ್ಲ?’ ಎಂದು ಕೇಳಬಹುದು. ಬಹುಕಾಲ ನನಗೆ ಇದಕ್ಕೆ ಉತ್ತರ ಸಿಕ್ಕಿರಲಿಲ್ಲ. ಸಿಕ್ಕಿದ್ದು ದಾನಶಾಸನಗಳ ಕೊನೆಯಲ್ಲಿ ಬರುವ ಶಾಪಾಶಯಗಳಲ್ಲಿ. ಎಂ.ಎ. ಓದುವಾಗ ಅವನ್ನು ಪರೀಕ್ಷೆಗೆಂದು ಉರುಹೊಡೆದಿದ್ದೆ. ದಾನವನ್ನು ಕೆಡಿಸಿದವನು ಹೊಲಸಿನಲ್ಲಿ ಹುಳುವಾಗಿ ಹುಟ್ಟುತ್ತಾನೆ, ಕಾಶಿಯಲ್ಲಿ ಗೋವು ಕೊಂದ ಪಾಪಕ್ಕೆ ಹೋಗುತ್ತಾನೆ ಎಂಬಂಥ ಮಾತುಗಳು. ಆಗ ನಗು ಬಂದಿತ್ತು. ಈಗ ಮತ್ತೆ ಓದುವಾಗ, ಅವು ಯಾರನ್ನು ಉದ್ದೇಶಿಸಿ ಬರೆದವು ಎಂಬುದರ ಕಡೆ ಗಮನ ಹೋಯಿತು. ಅವು ಕೊಟ್ಟವನ ಮಕ್ಕಳಿಗೆ ಮಾತ್ರ ಬರೆದವಲ್ಲ. ನಮ್ಮ ವಂಶದವರಾಗಲಿ, ಬೇರೆ ವಂಶದವರಾಗಲಿ, ಮುಂದೆ ಈ ನೆಲ ಯಾರ ಕೈಗೆ ಬರುತ್ತದೋ ಅವರು ಇದನ್ನು ಕಾಪಾಡಬೇಕು ಎಂಬುದೇ ಅವುಗಳ ಧಾಟಿ. ತಾನು ಕೊಡುವುದಕ್ಕಿಂತ ಇನ್ನೊಬ್ಬ ಕೊಟ್ಟದ್ದನ್ನು ಕಾಯುವುದು ದೊಡ್ಡದು ಎಂಬ ನಂಬಿಕೆಯೂ ಅವುಗಳಲ್ಲಿದೆ. ಭೂಮಿಯನ್ನು ಎಷ್ಟೋ ಜನ ಅನುಭವಿಸಿದರು, ಯಾರ ಕೈಯಲ್ಲಿರುವಾಗ ಅದರ ಫಲ ಅವರದು ಎಂಬ ತಿಳಿವಳಿಕೆಯೂ ಇದೆ.

ತಮ್ಮ ವಂಶ ಅಳಿಯುತ್ತದೆ ಎಂದು ಆ ಜನಕ್ಕೆ ಗೊತ್ತಿತ್ತು. ತಮ್ಮ ಊರಿಗೆ ಯಾರ್ಯಾರೋ ಬರುತ್ತಾರೆ, ಅವರು ತಮ್ಮ ಭಾಷೆಯವರಲ್ಲದಿರಬಹುದು, ದೇವರು ಬೇರೆ ಇರಬಹುದು ಎಂದೂ ಗೊತ್ತಿತ್ತು. ಅದಕ್ಕೇ ಓಲೆಗರಿ ಬಿಟ್ಟು ಕಲ್ಲಿನ ಮೇಲೆ ಬರೆಸಿದರು, ಮನೆಯೊಳಗೆ ಇಡದೆ ಬಯಲಲ್ಲಿ ನಿಲ್ಲಿಸಿದರು. ಕಲ್ಲು ಬರೆದದ್ದು ಅಪರಿಚಿತರಿಗೆ. ‘ನಾನು ಹೊರಗಿನವನು, ನನಗೆ ಸಂಬಂಧವಿಲ್ಲ’ ಎಂದು ನಾನು ಜಾರಿಕೊಳ್ಳಲು ನೋಡಿದ ಕಾರಣವೇ ಆ ಕಾಗದಕ್ಕೆ ನನ್ನ ವಿಳಾಸವಾಗಿತ್ತು.

ಹೀಗೆ ನೋಡಿದಾಗ ಹೆಮ್ಮೆಯೂ ಉದಾಸೀನವೂ ಅಕ್ಕಪಕ್ಕದ ಮನೆಯವಾಗಿ ಕಾಣುತ್ತವೆ. ಊರಿನ ಚರಿತ್ರೆ ರಕ್ತದಿಂದ ಬರುವ ಆಸ್ತಿ ಎಂದು ಎರಡೂ ನಂಬಿವೆ. ಒಬ್ಬ ‘ನನ್ನದು’ ಎಂದು ಹಾರಾಡುತ್ತಾನೆ, ಇನ್ನೊಬ್ಬ ‘ನನ್ನದಲ್ಲ’ ಎಂದು ಕೈ ತೊಳೆಯುತ್ತಾನೆ. ಅದು ನೆಲದ ಜೊತೆ ಬರುವ ಸಾಲವೆಂದು ತಿಳಿದರೆ ಇಬ್ಬರ ಮಾತೂ ನಿಲ್ಲುವುದಿಲ್ಲ. ಸೈಟು ಕೊಳ್ಳುವಾಗ ನಾವು ಋಣಭಾರ ಪತ್ರ ತೆಗೆಸುತ್ತೇವೆ, ಹಿಂದಿನವರು ಉಳಿಸಿಹೋದ ಸಾಲವಿದೆಯೇ ಎಂದು ನೋಡುತ್ತೇವೆ. ನನ್ನ ಪತ್ರದಲ್ಲಿ ಮೂವತ್ತು ವರ್ಷದ ಲೆಕ್ಕವಿತ್ತು. ಮರದ ಬುಡದ ಕಲ್ಲು ಅದಕ್ಕಿಂತ ಹಳೆಯ ನಮೂದು. ನೆಲದ ಫಲ ಉಣ್ಣುತ್ತಿರುವವನು ನಾನು. ಹಾಗಾಗಿ ಸಾಲವೂ ನನ್ನದು. ಕೆರೆಗಳ ವಿಷಯದಲ್ಲೂ ಇದೇ ಮಾತು. ಮಣ್ಣು ಹೊತ್ತವರಿಗೆ ಕಲ್ಲು ನೆಡುವವರು ಯಾರೂ ಇರಲಿಲ್ಲ. ಅವರು ಬಿಟ್ಟುಹೋದ ಬರಹ ಏರಿ ಮತ್ತು ತೂಬು. ಕೆರೆಗೆ ಚರಂಡಿ ಬಿಟ್ಟು, ಟ್ಯಾಂಕರಿನ ನೀರಿಗಾಗಿ ಕಲ್ಲು ಕಿತ್ತ ನಾವು ಎರಡು ಬರಹಗಳನ್ನೂ ಒಟ್ಟಿಗೇ ಅಳಿಸಿದ್ದೆವು.

ಬಿ.ಎಲ್. ರೈಸ್ ಬೆಂಗಳೂರು ಜಿಲ್ಲೆಯ ಶಾಸನಗಳ ಸಂಪುಟವನ್ನು 1905ರಲ್ಲಿ ಪ್ರಕಟಿಸಿದರು. ಅದರಲ್ಲಿ ದಾಖಲಾದ ಎಷ್ಟೋ ಕಲ್ಲುಗಳು ಇಂದು ಹೇಳಿದ ಜಾಗದಲ್ಲಿಲ್ಲ. ಅವನ್ನು ಯಾವ ಶತ್ರುವೂ ಬಂದು ಒಡೆದದ್ದಲ್ಲ. ರಸ್ತೆ ಅಗಲವಾಯಿತು, ಅಡಿಪಾಯ ಬಿತ್ತು, ಗೇಟು ದೊಡ್ಡದಾಯಿತು. ಉಳಿದ ಉದಾಹರಣೆಗಳೂ ಇವೆ. ಹೆಬ್ಬಾಳದಲ್ಲಿ ಎಂಟನೆಯ ಶತಮಾನದ, ಗಂಗ ಶ್ರೀಪುರುಷನ ಕಾಲದ ಕಿತ್ತಯ್ಯನ ವೀರಗಲ್ಲನ್ನು 2018ರಲ್ಲಿ ಊರಿನವರೂ ಆಸಕ್ತರೂ ಸೇರಿ ಉಳಿಸಿಕೊಂಡರು, ಆಮೇಲೆ ಅದಕ್ಕೊಂದು ಮಂಟಪವನ್ನೂ ಕಟ್ಟಿದರು. ಮಿಥಿಕ್ ಸೊಸೈಟಿಯವರು ಈ ಸುತ್ತಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಇಡುತ್ತಿದ್ದಾರೆ. ಕಿತ್ತಯ್ಯನನ್ನು ಉಳಿಸಿದವರಲ್ಲಿ ಅವನ ವಂಶದವರು ಯಾರಾದರೂ ಇದ್ದರೇ ಎಂದು ಯಾರೂ ಕೇಳಲಿಲ್ಲ. ಕೇಳುವ ಅಗತ್ಯವೂ ಬೀಳಲಿಲ್ಲ.

ಕಳೆದ ವರ್ಷ ಸಂಘದ ಸಭೆಯಲ್ಲಿ ನಾನು ಕಲ್ಲಿನ ವಿಷಯವನ್ನು ಮತ್ತೆ ಎತ್ತಿದೆ. ಪಾರ್ಕಿಂಗು, ಲಿಫ್ಟು ಎಲ್ಲ ಮುಗಿದ ಮೇಲೆ ಐದು ನಿಮಿಷ ಸಿಕ್ಕಿತು. ಕೆಲವರು ಫೋನು ನೋಡುತ್ತಿದ್ದರು. ಒಡಿಶಾದಿಂದ ಬಂದ ನಮ್ಮ ಮೇಲಿನ ಮಹಡಿಯ ಹುಡುಗಿಯೊಬ್ಬಳು ಮಾತ್ರ ಕೇಳಿದಳು: “ಅದರ ಮೇಲೆ ಹೆಸರು ಬರೆದಿತ್ತಾ?”

ನನ್ನ ಬಳಿ ಉತ್ತರವಿರಲಿಲ್ಲ. ಹನ್ನೊಂದು ವರ್ಷ ಆ ಗೇಟಿನಲ್ಲಿ ಓಡಾಡಿದ್ದೆ. ಒಂದು ದಿನವೂ ಬಗ್ಗಿ ನೋಡಿರಲಿಲ್ಲ. ಕನ್ನಡ ಎಂ.ಎ. ಮಾಡಿದವನು.

ಜೆಸಿಬಿಯವನನ್ನು ಹುಡುಕಿದೆವು. ಮಣ್ಣನ್ನೆಲ್ಲ ಯಾವುದೋ ಲೇಔಟಿನ ಹಳ್ಳಕ್ಕೆ ತುಂಬಿದ್ದಾಗಿ ಹೇಳಿದ. ಆ ಹಳ್ಳದ ಮೇಲೆ ಈಗ ನಾಲ್ಕು ಮಹಡಿಯ ಕಟ್ಟಡವಿದೆ. ಕುಂಕುಮ ಹಚ್ಚುತ್ತಿದ್ದವರು ಕಲ್ಲು ಹೋದ ಮೇಲೆ ಬಂದಿದ್ದರೇ ಎಂದು ಕಾವಲಿನವನನ್ನು ಕೇಳಿದೆ. ಒಬ್ಬ ಮುದುಕಿ ಬಂದಿದ್ದಳಂತೆ, ಸ್ವಲ್ಪ ಹೊತ್ತು ನಿಂತು, ಕಾಯಿಯನ್ನು ಒಡೆಯದೆ ಹಾಗೇ ತೆಗೆದುಕೊಂಡು ಹೋದಳಂತೆ.

ಅದಾದ ಒಂದು ಭಾನುವಾರ ಆ ಹುಡುಗಿ, ನನ್ನ ಮಗಳು ಮತ್ತು ನಾನು ಪಂಚಲಿಂಗೇಶ್ವರ ದೇವಸ್ಥಾನಕ್ಕೆ ಹೋದೆವು. ‘ಬೆಂಗಳೂರು’ ಎಂದು ಬರೆದ ಕಲ್ಲಿನ ಮುಂದೆ ನಿಂತಾಗ ಅವಳು, “ಎಲ್ಲಿದೆ? ಓದಿ ತೋರಿಸಿ” ಎಂದಳು. ನಾನು ಬಗ್ಗಿ ನೋಡಿದೆ. ಒಂಬತ್ತನೆಯ ಶತಮಾನದ ಲಿಪಿ. ಒಂದೆರಡು ಅಕ್ಷರಗಳ ಗುರುತು ಹತ್ತಿದಂತಾಯಿತು, ಆಮೇಲೆ ಅದೂ ತಪ್ಪಿತು. ನನಗೂ ಓದಲು ಬರಲಿಲ್ಲ.

ಮೂವರೂ ನೆಲದ ಮೇಲೆ ಕೂತೆವು. ಮಗಳು ನೋಟ್‌ಬುಕ್ ತೆಗೆದು ಅಕ್ಷರಗಳನ್ನು ಇದ್ದಂತೆಯೇ ಒಂದೊಂದಾಗಿ ಬರೆದುಕೊಳ್ಳತೊಡಗಿದಳು. ಮೇಲಿನ ಮಹಡಿಯ ಹುಡುಗಿ ಫೋನಿನ ಟಾರ್ಚನ್ನು ಓರೆಯಾಗಿ ಹಿಡಿದಳು. ಹಾಗೆ ಹಿಡಿದರೆ ಸವೆದ ಗೆರೆಗಳು ಚೆನ್ನಾಗಿ ಕಾಣುತ್ತವೆ ಎಂಬುದು ನನಗೆ ಗೊತ್ತಾದದ್ದು ಆಗಲೇ.